ಕೆಂಪು ಹೋಳು

ಹೊಂಬಳದಿಂದ ಮೊದಲ ಬಸ್ಸಿಗೆ ಬಂದವನು
ತೊಡೆಯ ಮೇಲೆ ಟವೆಲಿನ ಗಂಟು ಬಿಚ್ಚಿದ.
ಹಿತ್ತಾಳೆ ಗಡಿಯಾರ, ಊಟದ ತಾಟಿನಷ್ಟು ಅಗಲ,
ಅಂಚಿನಲ್ಲಿ ಉಪ್ಪು ತಿಂದ ಕಿಲುಬು.
ಮುಖದ ಮೇಲೆ ನಾಲ್ಕು ಹೋಳು,
ಎರಡು ಕೆಂಪು, ಎರಡು ಹಸಿರು,
ಕಲ್ಲಂಗಡಿ ಕೊಯ್ದು ಅಂಟಿಸಿದ ಹಾಗೆ.

"ಇದ್ಯಾವ ಊರಿನ ಗಡಿಯಾರರೀ?" ಅಂದೆ,
ಅಪ್ಪನ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು.
"ಊರಿಲ್ಲವ್ವಾ ಇದಕ್ಕ. ಹಡಗಿಂದು."

ಫಕ್ಕೀರಪ್ಪ ಹತ್ತೊಂಬತ್ತು ವರ್ಷ ರೇಡಿಯೊ ಆಫೀಸರು.
ಹಡಗಿನಲ್ಲಿ ಸ್ಪಾರ್ಕ್ಸ್ ಅಂತ ಕರೆಯುತ್ತಿದ್ದರಂತೆ.
ಹೊಂಬಳದಲ್ಲಿ ಕಟಕಟ ಫಕ್ಕೀರಪ್ಪ,
ಚಾದಂಗಡಿ ಕಟ್ಟೆಯ ಮೇಲೂ ಬೆರಳು ಸುಮ್ಮನಿರದು.

"ದೊಡ್ಡ ಮುಳ್ಳು ಹದಿನೈದಕ್ಕ ಬಂತಂದ್ರ
ಹದಿನೆಂಟರ ತನಕ ಎಲ್ಲಾರೂ ಬಾಯಿ ಮುಚ್ಚಬೇಕು.
ಮುಂಬೈ, ಏಡನ್, ಕೊಲಂಬೊ,
ಎಣ್ಣಿ ಹಡಗು, ಗೋದಿ ಹಡಗು, ಯುದ್ಧದ್ದು ಸೈತ.
ಮತ್ತ ನಲವತ್ತೈದಕ್ಕ.
ಹಸಿರು ಹೋಳು ಬಾಯಿಮಾತಿನ ರೇಡಿಯೊಕ್ಕ.
ಮಾತು ಬಿಟ್ಟು ಕೇಳೂದು, ಅಷ್ಟ.
ಮುಳುಗಾಂವ ಸಣ್ಣ ದನೀಲೆ ಕೂಗಿದ್ರೂ
ಆವಾಗ ಕೇಳಸ್ತೈತಿ."

"ಮೇಡೇ ಅಂತ ಮೂರ ಸಲ ಯಾಕ?"
"ಎಪಿಎಂಸಿ ಸವಾಲಿನ್ಯಾಗ ಯಾಕ?
ಒಂದ ಸಲ ಅಂದ್ರ ಯಾವನೋ ಕೆಮ್ಮಿದ ಅಂತಾರ.
ಬಿರುಗಾಳಿ ಬರತೈತಿ, ದೀಪಸ್ತಂಭ ಕೆಟ್ಟೈತಿ ಅಂತ
ಹೇಳೂದಿದ್ರ ಸೆಕ್ಯುರಿಟೇ, ಅದೂ ಮೂರ ಸಲ.
ಸಾವಿಗೂ ಮೂರ, ಸುದ್ದಿಗೂ ಮೂರ."

ಒಳಗೆ ಎಣ್ಣೆ ಗೋಂದಾಗಿತ್ತು.
ಸೀಮೆಎಣ್ಣೆಯಲ್ಲಿ ಗಾಲಿಗಳನ್ನು ಅದ್ದುತ್ತ
ಅಂಚಿನ ಕೆಂಪು ಗೆರೆ ಎಣಿಸಿದೆ. ಹನ್ನೆರಡು.
ನಾಲ್ಕು ಸೆಕೆಂಡಿನದೊಂದು ಗೆರೆ,
ನಡುವೆ ಒಂದೊಂದು ಸೆಕೆಂಡು ಉಸಿರು.
ಆ ಅಳತೆಗೆ ಗುಂಡಿ ಒತ್ತಿದರೆ
ಮಲಗಿದ ಬೇರೆ ಹಡಗಿನಲ್ಲಿ ಗಂಟೆ ಬಾರಿಸುತ್ತದಂತೆ.

ಅವನು ಸ್ಟೂಲು ಬಿಟ್ಟು ಏಳಲಿಲ್ಲ.

"ಎಪ್ಪತ್ತೊಂಬತ್ತರಾಗ ಒಂದು ರಾತ್ರಿ
ಕೆಂಪಿನ ಕೊನೀ ಹತ್ತು ಸೆಕೆಂಡಿಗೆ ಏನೋ ಬಂತು.
ಗುಂಗಾಡಿಯಷ್ಟು. ಮೂರು ಚುಕ್ಕಿ, ಒಂದು ಗೆರಿ.
ಅಷ್ಟರಾಗ ಹದಿನೆಂಟಾತು,
ಎಲ್ಲಾರೂ ಒಮ್ಮೆಲೆ ಸಂತಿ ಸುರು ಮಾಡಿದ್ರು.
ಸುಮ್ಮನಿರ್ರಿ, ಸುಮ್ಮನಿರ್ರಿ ಅಂತ ಕಳಿಸಿದ್ನಿ.
ಮತ್ತ ಬರಲಿಲ್ಲದು.
ದಫ್ತರದಾಗ ಬರದೆ:
ಕೇಳಿಸಿತು, ಹೆಸರು ತಿಳಿಯಲಿಲ್ಲ."

ನನ್ನ ಮೇಜಿನ ಮೇಲೆ ಅವನ ಬೆರಳು
ಮೂರು ಚುಕ್ಕಿ, ಒಂದು ಗೆರೆ ಬಡಿದು
ಅಲ್ಲಿಗೇ ನಿಂತಿತು.

ಶುಕ್ರವಾರ ಬಂದ. ಕಿವಿಗಿಟ್ಟು ನೋಡಿದ.
ಮುನ್ನೂರು ಅಂದದ್ದಕ್ಕೆ ಚೌಕಾಸಿ ಮಾಡಲಿಲ್ಲ.
"ಈಗ ಉಪಗ್ರಹ ಅದಾವು. ಗುಂಡಿ ಒತ್ತಿದ್ರ ಸಾಕು,
ಯಾರೂ ಸುಮ್ಮನ ಕುಂಡ್ರೂದು ಬ್ಯಾಡ" ಅಂದ,
ಖುಷಿಯೋ ಸಿಟ್ಟೋ ತಿಳಿಯಲಿಲ್ಲ.

ಅವತ್ತೇ ಸಂಜೆ ಅಕ್ಕನ ಮಗಳ ನೇಲ್ ಪಾಲಿಷ್ ತಂದು
ನಮ್ಮಂಗಡಿಯ ಗೋಡೆ ಗಡಿಯಾರಕ್ಕೆ
ಹದಿನೈದರಿಂದ ಹದಿನೆಂಟರ ತನಕ ಬಳಿದೆ.
ಗಾಜಿನ ಮೇಲೆ ಸ್ವಲ್ಪ ಹರಡಿತು.

ಬೆಟಗೇರಿಯಲ್ಲಿ ಸುಮ್ಮನಿರುವುದು ಯಾವುದು?
ಕೆಂಪು ಬಂದಾಗ ಚಿಮಟ ಕೆಳಗಿಡುತ್ತೇನೆ.
ಓಣಿಯ ಮಗ್ಗಗಳು ಲಟಕ್ ಪಟಕ್,
ಯಾರದೋ ಕುಕ್ಕರಿನ ಸೀಟಿ, ಶೇಂಗಾದ ಗಾಡಿ,
ಹುಬ್ಬಳ್ಳಿ ಕಡೆ ಹೋಗುವ ಗೂಡ್ಸು.
ಗಿರಾಕಿ ಬಂದರೆ ಗೋಡೆಗೆ ಕೈ ತೋರಿಸುತ್ತೇನೆ,
ಹುಚ್ಚಿ ಅಂತ ನಕ್ಕು ಕೂಡುತ್ತಾರೆ.

ಉದ್ರಿ ಲೆಕ್ಕದ ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುತ್ತೇನೆ:
ಸೋಮವಾರ, ಯಾರೂ ಕರೆಯಲಿಲ್ಲ.
ಮಂಗಳವಾರ, ಯಾರೂ ಕರೆಯಲಿಲ್ಲ.
ಹಾಗೆ ಬರೆಯುವುದರಲ್ಲಿ ಏನೋ ನೆಮ್ಮದಿ,
ಕೇಳಿದ ಮೇಲೆ ತಾನೆ ಬರೆಯುವುದು.

ಗುರುವಾರ, ಮೂರು ಹದಿನಾರು.
ಲಟಕ್ ಪಟಕ್ ನಡುವೆ ಒಂದು ಲಟಕ್,
ಅದರ ಪಟಕ್ ಬರಲಿಲ್ಲ.
ಕಾದೆ. ಬರಲಿಲ್ಲ.
ಅಂಗಡಿ ತೆರೆದಿಟ್ಟೇ ಓಡಿದೆ, ಮೂರನೆಯ ಮನೆ.
ಮಗ್ಗದ ಕುಣಿಯಲ್ಲಿ ಅಂಬೂಬಾಯಿ ಮೇರವಾಡೆ
ದಾರಕ್ಕೆ ಹಣೆ ಹಚ್ಚಿ ಕೂತಿದ್ದಳು.
"ಚಕ್ಕರ ಬಂತವಾ. ನೀ ಹೆಂಗ ಬಂದಿ?
ನಾ ಕೂಗೇ ಇಲ್ಲಲ್ಲ."
ನೀರು ಕೊಟ್ಟೆ. ಕುಡಿದಳು.

ಅಷ್ಟರಲ್ಲಿ ಹದಿನೆಂಟಾಗಿರಬೇಕು.
ಬುಕ್ಕಿನಲ್ಲಿ ಹೆಸರು ಬರೆದೆ.